ಭೂಸ್ವರೂಪದ ಪಾಠಕ್ಕೆ ಕಾಲದ ದಾಖಲೆ



ಪದವಿ ಕಾಲೇಜುಗಳ ಭೂಗೋಳ ಮತ್ತು ಭೂವಿಜ್ಞಾನ ಅಧ್ಯಾಪಕರ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಈ ಅವಕಾಶವನ್ನು ಒಂದೇ ವಿಷಯಕ್ಕೆ ಮೀಸಲಿಡುತ್ತೇನೆ. ಪದವಿ ತರಗತಿಯಲ್ಲಿ ಭೂಸ್ವರೂಪಶಾಸ್ತ್ರ ಕಲಿಸಲು ನಮ್ಮ ಕೈಯಲ್ಲಿ ಎಂಥ ಸಾಮಗ್ರಿ ಇರಬೇಕು, ಅದನ್ನು ಯಾರು ಸಿದ್ಧಪಡಿಸಬೇಕು?

ನಮ್ಮ ವಿಷಯದ ಕಷ್ಟ ನಿಮಗೆ ಗೊತ್ತಿರುವುದೇ. ರಸಾಯನಶಾಸ್ತ್ರದ ಮೇಷ್ಟ್ರು ಕ್ರಿಯೆಯನ್ನು ಕಣ್ಣೆದುರೇ ನಡೆಸಿ ತೋರಿಸಬಲ್ಲರು. ನಾವು ಹೇಳುವ ಕ್ರಿಯೆಗಳಲ್ಲಿ ಕೆಲವು ಒಂದು ಮಳೆಗಾಲದಲ್ಲಿ ಮುಗಿಯುತ್ತವೆ, ಕೆಲವಕ್ಕೆ ಕೋಟ್ಯಂತರ ವರ್ಷ ಬೇಕು. ವಿದ್ಯಾರ್ಥಿಗಳು ನಮ್ಮ ಜೊತೆ ಇರುವುದು ಮೂರು ವರ್ಷ. ಹೀಗಾಗಿ ಕ್ರಿಯೆ ಹಿಂದೆ ಸರಿದು ಹೆಸರುಗಳು ಮುಂದೆ ಬರುತ್ತವೆ. ಡೇವಿಸ್ 1899ರಲ್ಲಿ ಮಂಡಿಸಿದ ಸವೆತದ ಚಕ್ರವನ್ನು, ಅದರ ಯೌವನ, ಪ್ರೌಢ, ವೃದ್ಧಾವಸ್ಥೆಗಳನ್ನು ನಮ್ಮ ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಊರ ಹಳ್ಳದ ತಿರುವಿನಲ್ಲಿ ಒಂದು ದಂಡೆ ಕೊರೆದುಹೋಗುತ್ತ ಇನ್ನೊಂದು ದಂಡೆಗೆ ಮರಳು ಸೇರುವುದು ಏಕೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಕಾಲ ಕಳೆದಂತೆ ನೆಲ ಬದಲಾಗುವುದನ್ನು ಅವರಿಗೆ ನಾವು ತೋರಿಸಿಯೇ ಇಲ್ಲ. ಆದ್ದರಿಂದ ನಮ್ಮ ಬೋಧನಾ ಸಾಮಗ್ರಿಯ ಮೊದಲ ಕೆಲಸ, ಆ ಕಾಲವನ್ನು ತರಗತಿಗೆ ತರುವುದು. ಇದಕ್ಕೆ ಮೂರು ದಾರಿಗಳು ನನಗೆ ಕಾಣುತ್ತವೆ.

ಮೊದಲನೆಯದು, ಒಂದೇ ಕ್ರಿಯೆಯ ಬೇರೆ ಬೇರೆ ಹಂತಗಳನ್ನು ಬೇರೆ ಬೇರೆ ಜಾಗಗಳಲ್ಲಿ ಗುರುತಿಸುವುದು. ಹಂಪಿಯ ಬಂಡೆಗಳನ್ನು ಯಾರೋ ತಂದು ಪೇರಿಸಿದಂತಿದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ನಿಜವಾಗಿ ಗ್ರಾನೈಟಿನ ಬಿರುಕುಗಳಿಗೆ ನೀರು ಇಳಿದು, ನೆಲದಡಿಯಲ್ಲೇ ಅಂಚು ಮೂಲೆಗಳು ಮೊದಲು ಶಿಥಿಲವಾದವು. ನಡುವಿನ ಗಟ್ಟಿ ತಿರುಳು ದುಂಡಗೆ ಉಳಿಯಿತು. ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋದ ಮೇಲೆ ಆ ತಿರುಳುಗಳೇ ಬಂಡೆಗಳಾಗಿ ಹೊರಗೆ ನಿಂತವು. ಇದರ ಹಿಂದಿನ ಹಂತ ರಸ್ತೆಗಾಗಿ ಕಡಿದ ಎಷ್ಟೋ ದಿಣ್ಣೆಗಳಲ್ಲಿ ಕಾಣಸಿಗುತ್ತದೆ: ಮಣ್ಣಾಗಿ ಉದುರುವ ಕಲ್ಲಿನೊಳಗೆ ಇನ್ನೂ ಹೂತಿರುವ ದುಂಡು ಗುಂಡುಗಳು. ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿ. ಶಿಲಾ ಶಿಥಿಲೀಕರಣದ ಪಾಠ ಅಲ್ಲಿಂದ ಶುರುವಾಗಲಿ.

ಎರಡನೆಯದು, ಬೇರೆಯವರು ಕೂಡಿಟ್ಟ ದಾಖಲೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟುಗಳು ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಸಂಕೇತ ಗುರುತಿಸುವುದಕ್ಕಷ್ಟೇ ಬಳಕೆಯಾಗುತ್ತಿವೆ. ಹಳೆಯ ಶೀಟಿನ ನದೀಪಾತ್ರವನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡುವ ಅಭ್ಯಾಸ ಬರಬೇಕು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ತೆಗೆದ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಇಸ್ರೋದ ಭುವನ್ ಇದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರಾಡಾರ್‌ನಿಂದ ಅಳೆದ ನೆಲದ ಎತ್ತರದ ಮಾಹಿತಿ ಇದೆ. ಅದನ್ನು ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದು, ಶರಾವತಿಯ ಉದ್ದಕ್ಕೂ ಒಂದು ಪಾರ್ಶ್ವಚಿತ್ರ ಬಿಡಿಸಿದರೆ, ಮಲೆನಾಡಿನಲ್ಲಿ ಸಾವಧಾನವಾಗಿ ಇಳಿಯುತ್ತಿದ್ದ ಗೆರೆ ಜೋಗದಲ್ಲಿ ಥಟ್ಟನೆ ಕಡಿದು ಬೀಳುತ್ತದೆ. ಇಳಿಜಾರು ಮುರಿಯುವ ಬಿಂದು ಎಂದರೇನು ಎಂಬ ಪ್ರಶ್ನೆಯನ್ನು ಆಗ ವಿದ್ಯಾರ್ಥಿಗಳೇ ಎತ್ತುತ್ತಾರೆ. ಮೇಲ್ಗಡೆಯ ಲಿಂಗನಮಕ್ಕಿ ಅಣೆಕಟ್ಟು ನೀರನ್ನೂ ಹೂಳನ್ನೂ ತಡೆದ ಮೇಲೆ ಕೆಳಗಿನ ನದಿಗೆ ಏನಾಗುತ್ತದೆ ಎಂಬುದು ಅದರ ಮುಂದಿನ ಪ್ರಶ್ನೆ.

ಮೂರನೆಯ ದಾರಿಯ ಮೇಲೆ ನನಗೆ ಹೆಚ್ಚಿನ ನಂಬಿಕೆ: ನಾವೇ ಅಳೆದು ಕೂಡಿಡುವ ದಾಖಲೆ. ಇದಕ್ಕೆ ದುಬಾರಿ ಉಪಕರಣ ಬೇಡ. ವೋಲ್ಮನ್ 1954ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಹೊಳೆಯ ತಳದಿಂದ ನೂರು ಕಲ್ಲುಗಳನ್ನು ಆರಿಸದೆ, ಕೈಗೆ ಸಿಕ್ಕಂತೆ ಎತ್ತಿ ಅವುಗಳ ನಡು ಅಗಲವನ್ನು ಅಳೆದರೆ ಸಾಕು. ಆ ತಳದ ಕಲ್ಲುಗಳ ಗಾತ್ರದ ಹಂಚಿಕೆ ತಿಳಿಯುತ್ತದೆ. ಎಮರಿ 1961ರಲ್ಲಿ ವಿವರಿಸಿದ ಕಡಲತೀರದ ಅಳತೆಗೆ ಬೇಕಾದದ್ದು ಸಮ ಉದ್ದದ ಎರಡು ಕೋಲು, ಒಂದು ಹಗ್ಗ. ಕಡಲ ಬದಿಯ ಕೋಲಿನ ತುದಿಯನ್ನೂ ದಿಗಂತವನ್ನೂ ಒಂದೇ ಗೆರೆಗೆ ತಂದು, ಆ ಗೆರೆ ದಡದ ಬದಿಯ ಕೋಲಿಗೆ ಎಲ್ಲಿ ತಾಗುತ್ತದೆಂದು ಓದಿದರೆ ನೆಲ ಎಷ್ಟು ಇಳಿದಿದೆ ಎಂಬುದು ಸಿಗುತ್ತದೆ.

ಕರಾವಳಿಯ ಕಾಲೇಜೊಂದು ಉಳ್ಳಾಲದಂಥ ಕಡೆ ಇದನ್ನು ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಲಿ. ಮುಂಗಾರಿನ ಅಲೆ ಎಳೆದೊಯ್ದ ಮರಳನ್ನು ಶಾಂತ ಅಲೆಗಳು ಮತ್ತೆ ದಡಕ್ಕೆ ತರುತ್ತವೆ. ಎಷ್ಟು ಹೋಯಿತು, ಎಷ್ಟು ಬಂತು ಎಂಬ ಲೆಕ್ಕ ಒಂದು ವರ್ಷದಲ್ಲಿ ಹೇಳುವುದು ಸ್ವಲ್ಪ. ಹತ್ತು ತಂಡಗಳು ಅದೇ ಗುರುತಿನಿಂದ, ಅದೇ ವಿಧಾನದಲ್ಲಿ ಅಳೆದಿಟ್ಟರೆ, ಋತುವಿನ ಏರಿಳಿತ ಯಾವುದು, ಮರಳಿ ಬಾರದ ಕೊರೆತ ಯಾವುದು ಎಂಬುದು ಹನ್ನೊಂದನೆಯ ತಂಡಕ್ಕೆ ಎದ್ದು ಕಾಣುತ್ತದೆ. ಯಾವ ಪಠ್ಯಪುಸ್ತಕವೂ ಕೊಡಲಾಗದ ಸಾಮಗ್ರಿ ಇದು.

ಈ ಕಲಿಕೆ ಪರೀಕ್ಷೆಗೆ ಮುಗಿಯುವಂಥದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿಯಿತು. ಎರಡೂ ಕಡೆ ಜೀವಗಳು ಹೋದವು. ಇಳಿಜಾರಿನ ಕೋನ, ಮೇಲ್ಮಣ್ಣಿನ ದಪ್ಪ, ಒಳಗೆ ಇಂಗಿದ ನೀರಿನ ಒತ್ತಡ, ಬುಡ ಕಡಿದಾಗ ತಪ್ಪುವ ಆಸರೆ, ಇವನ್ನು ಅರಿತ ಪದವೀಧರರು ನಾಳೆ ಪಂಚಾಯಿತಿಗಳಲ್ಲಿ, ಕಂದಾಯ ಮತ್ತು ಲೋಕೋಪಯೋಗಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಇರಬೇಕು. ಮನೆ ಎಲ್ಲಿ ಕಟ್ಟಬಾರದು ಎಂದು ಹೇಳಬಲ್ಲವರು ಊರಿಗೊಬ್ಬರಂತೆ ಇದ್ದರೂ ನಮ್ಮ ಪಾಠ ಸಾರ್ಥಕ.

ಕೊನೆಗೆ, ನನ್ನ ಸೂಚನೆ. ಪ್ರತಿ ಕಾಲೇಜೂ ತನಗೆ ಹತ್ತಿರದ ಒಂದು ತಾಣವನ್ನು ಆರಿಸಿಕೊಳ್ಳಲಿ: ಒಂದು ಹಳ್ಳ, ಒಂದು ಕೊರಕಲು, ಒಂದು ಕಡಲತೀರ, ಕೆರೆಗೆ ಹೂಳು ತರುವ ಒಂದು ಕಾಲುವೆ. ಬಸ್ಸಿನ ಖರ್ಚಿಲ್ಲದೆ, ಎಲ್ಲ ವಿದ್ಯಾರ್ಥಿಗಳೂ ಸುರಕ್ಷಿತವಾಗಿ ತಲುಪುವ ಜಾಗವಾಗಿರಲಿ. ವರ್ಷವೂ ಅದೇ ಬಿಂದುವಿನಿಂದ ಒಂದು ಫೋಟೊ, ಅದೇ ವಿಧಾನದ ಒಂದು ಅಳತೆ, ಅಳೆದವರ ತಂಡದ ಟಿಪ್ಪಣಿ, ಇಷ್ಟು ಕನ್ನಡದಲ್ಲಿ ದಾಖಲಾಗಲಿ. ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಅದನ್ನು ಹಂಚಿಕೊಳ್ಳೋಣ. ಬೀದರಿನ ವಿದ್ಯಾರ್ಥಿಗಳು ಕಾರವಾರದ ಮರಳಿನ ಲೆಕ್ಕ ನೋಡಲಿ, ಕಾರವಾರದವರು ಬೀದರಿನ ಜಂಬಿಟ್ಟಿಗೆ ನೆಲವನ್ನು ಓದಲಿ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಈ ಕೆಲಸಕ್ಕೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಕೊಡಲಿ. ಅಂಕವಿಲ್ಲದ ಕೆಲಸ ಎರಡನೆಯ ವರ್ಷಕ್ಕೆ ನಿಂತುಹೋಗುತ್ತದೆ.

ಈ ಸಮ್ಮೇಳನದ ನಿರ್ಣಯಗಳಲ್ಲಿ ಇದೂ ಒಂದಾಗಲಿ ಎಂದು ಕೋರುತ್ತೇನೆ. ಮುಂದಿನ ಮಳೆಗಾಲಕ್ಕೆ ಮೊದಲೇ ತಾಣ ಆರಿಸಿ, ಮೊದಲ ಅಳತೆ ಮುಗಿಸಿರಿ. ತಡವಾದಷ್ಟೂ ನಮ್ಮ ಮುಂದಿನ ವಿದ್ಯಾರ್ಥಿಗಳ ದಾಖಲೆಯಲ್ಲಿ ಅಷ್ಟು ವರ್ಷಗಳು ಕಡಿಮೆಯಾಗುತ್ತವೆ.