ಮೊದಲು ಚಪ್ಪಾಳೆ, ಆಮೇಲೆ ತಿದ್ದುಪಡಿ

(ದೋಹಾದಲ್ಲಿ ನಡೆದ ಪ್ರಮಾಣಪತ್ರ ವಿತರಣಾ ಸಮಾರಂಭದಲ್ಲಿ ಪೋಷಕರ ಪರವಾಗಿ ಆಡಿದ ಮಾತುಗಳು)



ಕನ್ನಡ ಶಾಲೆಯ ಸಮಾರಂಭದಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡಲು ಹೊರಟಿದ್ದೇನೆ. ದಯವಿಟ್ಟು ಐದು ನಿಮಿಷ ಸಹಿಸಿಕೊಳ್ಳಿ.

2022ರ ವಿಶ್ವಕಪ್ ನಾವಿರುವ ಈ ಊರಿನಲ್ಲೇ ನಡೆಯಿತು. ಆಗ ಮೊರಾಕೊ ಫಿಫಾ ಪಟ್ಟಿಯಲ್ಲಿ 22ನೇ ಸ್ಥಾನದಲ್ಲಿತ್ತು. ತರಬೇತುದಾರ ವಾಲಿದ್ ರೆಗ್ರಾಗಿ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಅಂಥ ತಂಡ 2ನೇ ಸ್ಥಾನದ ಬೆಲ್ಜಿಯಂ ಅನ್ನು 2-0ರಿಂದ ಸೋಲಿಸಿತು. ಸ್ಪೇನನ್ನು ಪೆನಾಲ್ಟಿಯಲ್ಲಿ, ಪೋರ್ಚುಗಲ್ಲನ್ನು 1-0ರಿಂದ ಮನೆಗೆ ಕಳಿಸಿತು. ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಅದು, ಮೊದಲ ಅರಬ್ ತಂಡವೂ ಅದೇ. ಆ ರಾತ್ರಿಗಳಲ್ಲಿ ಸೂಕ್ ವಾಕಿಫ್‌ಗೆ ಹೋಗಿದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಆಗ ಬೇರೆಯೇ ಕಥೆ. ಆ ವರ್ಷದ ರಜೆಯಲ್ಲಿ ದಾವಣಗೆರೆಗೆ ಹೋಗಿದ್ದಾಗ ಎಂಟು ವರ್ಷದ ನನ್ನ ಮಗ ಬಾಗಿಲಿಗೆ ಓಡಿ ಹೋಗಿ, "ದೊಡ್ಡಮ್ಮ ಬಂದ!" ಅಂತ ಕೂಗಿದ. ಮನೆಯವರೆಲ್ಲ ನಕ್ಕರು. ರಜೆ ಮುಗಿಯುವವರೆಗೂ ಅದೇ ತಮಾಷೆ. ನಾನೂ ನಕ್ಕೆ. ವಾಪಸ್ ಬಂದ ಮೇಲೆ ಅವನು ಕನ್ನಡ ಮಾತಾಡುವುದನ್ನೇ ನಿಲ್ಲಿಸಿದ. ಶುಕ್ರವಾರ ಬಂತೆಂದರೆ ಹೊಟ್ಟೆನೋವು.

ಡಿಸೆಂಬರ್ 6ರಂದು ಮೊರಾಕೊ–ಸ್ಪೇನ್ ಪಂದ್ಯವನ್ನು ಇಬ್ಬರೂ ಟಿವಿಯಲ್ಲಿ ನೋಡುತ್ತಿದ್ದೆವು. ಗೋಲ್‌ಕೀಪರ್ ಯಾಸೀನ್ ಬೂನೂ ಎರಡು ಪೆನಾಲ್ಟಿ ತಡೆದರು. ಅವರು ಹುಟ್ಟಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಗೆಲುವಿನ ಪೆನಾಲ್ಟಿ ಹೊಡೆದವರು ಅಶ್ರಫ್ ಹಕೀಮಿ. ಅವರು ಹುಟ್ಟಿದ್ದು ಸ್ಪೇನ್‌ನ ರಾಜಧಾನಿ ಮ್ಯಾಡ್ರಿಡ್‌ನಲ್ಲೇ. ಅಲ್ಲಿ ಅವರ ತಾಯಿ ಮನೆಗೆಲಸ ಮಾಡಿ, ತಂದೆ ಬೀದಿಯಲ್ಲಿ ವ್ಯಾಪಾರ ಮಾಡಿ ಮಕ್ಕಳನ್ನು ಸಾಕಿದವರು. ತಂಡದ 26 ಆಟಗಾರರಲ್ಲಿ 14 ಮಂದಿ ಮೊರಾಕೊದ ಹೊರಗೆ ಹುಟ್ಟಿದವರು. ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಇಂಗ್ಲಿಷಿನಲ್ಲಿ ಕೇಳಿದ: "ಅಪ್ಪಾ, ಅವರು ಊರಿಗೆ ಹೋದಾಗ ಅವರ ಮಾತು ಕೇಳಿ ಯಾರೂ ನಗಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ, ಹೊರಗೆ ಹುಟ್ಟಿದ ಆಟಗಾರರನ್ನು ಅನುಮಾನದಿಂದ ನೋಡುವವರು ಮೊರಾಕೊದಲ್ಲೂ ಇದ್ದರು. ರೆಗ್ರಾಗಿ ಕೂಡ ಫ್ರಾನ್ಸ್‌ನಲ್ಲಿ ಹುಟ್ಟಿದವರು. ಅವರು ಒಳಗಿನವರು, ಹೊರಗಿನವರು ಎಂಬ ಭೇದ ಮಾಡಲಿಲ್ಲ. ಎಲ್ಲರನ್ನೂ ನಮ್ಮವರು ಅಂದುಕೊಂಡೇ ಕೆಲಸ ಶುರುಮಾಡಿದರು. ಪೋರ್ಚುಗಲ್ ವಿರುದ್ಧ ಗೋಲು ಹೊಡೆದ ಯೂಸೆಫ್ ಎನ್-ನೆಸಿರಿ ಫೆಜ್ ಊರಿನವರು, ದೇಶದೊಳಗಿನ ಅಕಾಡೆಮಿಯಲ್ಲೇ ಕಲಿತವರು. ಊರಲ್ಲಿ ಬೆಳೆದವರೂ ಹೊರಗೆ ಬೆಳೆದವರೂ ಸೇರಿದ್ದರಿಂದಲೇ ಆ ಹೆಮ್ಮೆ ಸಾಧ್ಯವಾಯಿತು.

ಆ ರಾತ್ರಿ ಮಗನಿಗೆ, "ಅವತ್ತು ನಗಬಾರದಿತ್ತು, ತಪ್ಪು ನಂದು" ಅಂದೆ. ಮುಂದಿನ ಶುಕ್ರವಾರ ಅವನು ತರಗತಿಗೆ ಬಂದ, ಅರ್ಧ ಮನಸ್ಸಿನಿಂದ. ಅವನ ಟೀಚರ್ ಒಂದು ದಿನವೂ ಅವನ ಮಾತಿಗೆ ನಗಲಿಲ್ಲ. ಅವನು ಹೇಳಿದ ವಾಕ್ಯವನ್ನೇ ಸರಿಯಾಗಿ ಇನ್ನೊಮ್ಮೆ ಹೇಳಿ ಮುಂದೆ ಹೋಗುತ್ತಿದ್ದರು. ಅಷ್ಟೇ. ಆ ಋಣ ನಾನು ತೀರಿಸಲಾರೆ.

ಮೊರಾಕೊ ಸೆಮಿಫೈನಲ್‌ನಲ್ಲಿ ಫ್ರಾನ್ಸ್‌ಗೆ 2-0ರಿಂದ ಸೋತಿತು. ಆದರೂ ರಬಾತ್‌ನ ಬೀದಿಗಳು ಜನರಿಂದ ತುಂಬಿದ್ದವು. ಅರಮನೆಯಲ್ಲಿ ರಾಜರು ಆಟಗಾರರನ್ನು ಸ್ವಾಗತಿಸಿದಾಗ ಅವರ ಪಕ್ಕದಲ್ಲಿ ತಾಯಂದಿರಿದ್ದರು. ಹೊರದೇಶದಲ್ಲಿ ದುಡಿದು, ಮನೆಯೊಳಗೆ ತಮ್ಮ ನಾಡನ್ನು ಉಳಿಸಿಕೊಂಡವರಿಗೂ ಆ ಗೌರವ ಸಂದಿತು.

ಪೋಷಕರಲ್ಲಿ ನನ್ನದೊಂದೇ ವಿನಂತಿ. ಮುಂದಿನ ರಜೆಯಲ್ಲಿ ಊರಿಗೆ ಹೋಗುವ ಮುಂಚೆ ಅಜ್ಜ-ಅಜ್ಜಿಯರಿಗೆ, ಚಿಕ್ಕಪ್ಪ-ದೊಡ್ಡಪ್ಪಂದಿರಿಗೆ ಒಂದು ಫೋನ್ ಮಾಡಿ. "ಮಕ್ಕಳು ತಪ್ಪು ಕನ್ನಡ ಆಡುತ್ತಾರೆ, ಆಡಲು ಬಿಡಿ. ತಿದ್ದಿ, ನಗಬೇಡಿ" ಅನ್ನಿ.

ಈಗ ಸ್ವಾಗತ ಭಾಷಣ ಮಾಡಿದ ಹುಡುಗ ನನ್ನ ಮಗ. ಎರಡು ತಪ್ಪು ಇದ್ದವು, ಮನೆಗೆ ಹೋದ ಮೇಲೆ ಹೇಳುತ್ತೇನೆ. ಮೊದಲು, ಅವನಿಗೂ ಅವನ ಗೆಳೆಯರೆಲ್ಲರಿಗೂ ಜೋರಾಗಿ ಒಂದು ಚಪ್ಪಾಳೆ.