ಸೋಲನ್ನೇ ಸರಕಾಗಿಸಿದ ಆಟ



ನನ್ನ ಬಾಲ್ಯದಲ್ಲಿ ಮನೆಯ ಜಗಲಿಯ ಮೇಲೆ ಅಜ್ಜಿ ನಮಗೆ ಚೌಕಾಬಾರ ಆಡಿಸುತ್ತಿದ್ದರು. ಸೀಮೆಸುಣ್ಣದಲ್ಲಿ ಬರೆದ ಮನೆಗಳು, ನಾಲ್ಕು ಕವಡೆ, ಬಂಡವಾಳ ಇಷ್ಟೆ. ಸೋತವನು ಅಳುತ್ತಿದ್ದ, ಜಗಳವಾಡುತ್ತಿದ್ದ, ಕಡೆಗೆ ಇನ್ನೊಂದಾಟಕ್ಕೆ ಕೂರುತ್ತಿದ್ದ. ಆ ಇನ್ನೊಂದಾಟಕ್ಕೆ ಯಾರೂ ಬೆಲೆ ಕೇಳುತ್ತಿರಲಿಲ್ಲ.

ಕಳೆದ ಬೇಸಗೆ ರಜೆಗೆ ಬಂದ ಹತ್ತು ವರ್ಷದ ಮೊಮ್ಮಗ ನನ್ನ ಮೊಬೈಲಿನಲ್ಲಿ ಆಡುತ್ತಾ, “ತಾತ, ನಾನು ಸತ್ತುಹೋದೆ. 79 ರೂಪಾಯಿ ಕೊಟ್ಟರೆ ಇಲ್ಲಿಂದಲೇ ಬದುಕಬಹುದು” ಎಂದ. ನಾನು ನಕ್ಕು ಕೊಟ್ಟೆ. ಕೊಡುವ ಬಗೆಯನ್ನೂ ಅವನು ನೋಡಿಕೊಂಡ. ತಿಂಗಳ ಕೊನೆಗೆ ಪಾಸ್‌ಬುಕ್ ತೆರೆದಾಗ ನನ್ನ ಪಿಂಚಣಿಯಲ್ಲಿ 6,400 ರೂಪಾಯಿ ಕರಗಿತ್ತು. ಗದರಿಸಿದೆ. ಅವನು ಕಣ್ಣೀರು ತುಂಬಿಕೊಂಡು, “ನಾನು ದುಡ್ಡು ಮುಟ್ಟಿಲ್ಲ ತಾತ, ಬರೀ ವಜ್ರ ಖರ್ಚು ಮಾಡಿದೆ” ಎಂದ.

ಮಗು ಸುಳ್ಳಾಡಿರಲಿಲ್ಲ. ರೂಪಾಯಿಯನ್ನು ಮೊದಲು ವಜ್ರವಾಗಿಸಿ, ಆಮೇಲೆ ವಜ್ರವನ್ನು ಖರ್ಚುಮಾಡಿಸುವುದು ಈ ವ್ಯಾಪಾರದ ಹೂಟ. ಮೂವತ್ತು ವರ್ಷ ಅಲಂಕಾರಶಾಸ್ತ್ರ ಬೋಧಿಸಿದ ನನಗೆ ರೂಪಕಕ್ಕೆ ಇಂಥದೊಂದು ಪ್ರಯೋಜನವುಂಟೆಂದು ಹೊಳೆದಿರಲಿಲ್ಲ.

ಒಂದು ಕಾಲಕ್ಕೆ ವಿಡಿಯೋ ಆಟವನ್ನು ಪುಸ್ತಕದಂತೆ ಒಮ್ಮೆ ಕೊಂಡರೆ ಮುಗಿಯುತ್ತಿತ್ತು. 2006ರಲ್ಲಿ ‘ಆಬ್ಲಿವಿಯನ್’ ಎಂಬ ಆಟದವರು ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಹೊರಟಾಗ ಆಟಗಾರರು ಗೇಲಿಮಾಡಿದರು. 2017ರ ಹೊತ್ತಿಗೆ ಅದು ಗೇಲಿಯ ಮಾತಾಗಿ ಉಳಿದಿರಲಿಲ್ಲ. ಪೂರ್ಣ ಬೆಲೆ ತೆತ್ತು ಕೊಳ್ಳಬೇಕಾದ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ರಲ್ಲಿಯೂ ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಹಣಕ್ಕೆ ಮಾರುವ ಏರ್ಪಾಡಿತ್ತು, ಕೋಲಾಹಲವೆದ್ದು, ಬಿಡುಗಡೆಯ ಮುನ್ನಾದಿನ ಆ ಮಾರಾಟವನ್ನು ತಡೆಹಿಡಿಯಬೇಕಾಯಿತು. ಮರುವರ್ಷ ಬೆಲ್ಜಿಯಮ್ ದೇಶದ ಜೂಜು ನಿಯಂತ್ರಣ ಆಯೋಗವು ಇಂಥ ಪೆಟ್ಟಿಗೆಗಳಲ್ಲಿ ಕೆಲವು ಜೂಜೇ ಸರಿಯೆಂದು ತೀರ್ಮಾನಿಸಿತು. ಬಳಕೆದಾರರು ಬೇಡದ್ದನ್ನು ಕೊಳ್ಳುವಂತೆ ಗುಂಡಿಗಳನ್ನು ಜೋಡಿಸಿದ್ದ ಆರೋಪದ ಮೇಲೆ, ‘ಫೋರ್ಟ್‌ನೈಟ್’ ಆಟದ ಒಡೆಯರು ಗ್ರಾಹಕರಿಗೆ 24.5 ಕೋಟಿ ಡಾಲರ್ ಹಿಂದಿರುಗಿಸಲು 2022ರಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡರು.

ಆಟ ಕಟ್ಟುವವರಿಗೂ ಅನ್ನ ಬೇಕು, ನಿಜ. ಕೊಳ್ಳಲಾರದ ಮಕ್ಕಳಿಗೆ ಬಿಟ್ಟಿಯಾಗಿ ಆಟ ದೊರೆಯುತ್ತಿರುವುದೂ ನಿಜ. ನನ್ನ ತಕರಾರು ಬೆಲೆಯ ಬಗೆಗಲ್ಲ. ಮೊದಲು ಆಟದ ಕಷ್ಟವಿದ್ದದ್ದು ಆಡುವವನು ಅದನ್ನು ಗೆದ್ದು ಬೆಳೆಯಲೆಂದು. ಈಗ ಎಷ್ಟೋ ಆಟಗಳಲ್ಲಿ ಕಷ್ಟವನ್ನು ಒಡ್ಡುವವನೂ ಪರಿಹಾರವನ್ನು ಮಾರುವವನೂ ಒಬ್ಬನೇ. ಸೋಲು ಗುರುವಾಗಿದ್ದ ಜಾಗದಲ್ಲಿ ಅಂಗಡಿ ಬಂದು ಕೂತಿದೆ.

ಹಣ ಗೆಲ್ಲುವ ಆಸೆಯಿಂದ ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿತು. ಆದರೆ ನನ್ನ ಮೊಮ್ಮಗ ಹಣ ಗೆಲ್ಲಲು ಹೊರಟವನಲ್ಲ. ಸತ್ತಲ್ಲಿಂದ ಎದ್ದು ಬರಲು ಹೊರಟವನು. ಅವನನ್ನು ಕಾಯುವ ಹೊಣೆ ಮನೆಯವರದು.

ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಆಟದಲ್ಲಿ ಏನು ಬೇಕಿದ್ದರೂ ಕೇಳಬಹುದು. ಆದರೆ ವಜ್ರದ ಲೆಕ್ಕದಲ್ಲಲ್ಲ, ರೂಪಾಯಿಯ ಲೆಕ್ಕದಲ್ಲಿ, ನನ್ನೆದುರು ಬಾಯಿಬಿಟ್ಟು ಹೇಳಿ ಕೇಳಬೇಕು. ರಜೆ ಮುಗಿಯುವವರೆಗೆ ಅವನು ಕೇಳಿದ್ದು ಎರಡೇ ಸಲ. ಎರಡನೆಯ ಸಲ ಮೊತ್ತವನ್ನು ಹೇಳುತ್ತಿದ್ದಂತೆ ತಾನೇ ತಡೆದು, “ಬೇಡ ಬಿಡಿ ತಾತ, ಮೊದಲಿಂದ ಆಡ್ತೀನಿ” ಎಂದ.