ಗಾಲಿಯ ಬೇರಿಂಗು ಕೆಟ್ಟಾಗ

ಸರಕು ಹೊತ್ತ ಪಿಕಪ್ಪಿನ ಗಾಲಿಯಿಂದ ಗುಂಯ್ ಎಂಬ ಸದ್ದೆದ್ದು, ವೇಗದೊಡನೆ ಏರಿ, ಒಂದು ತಿರುವಿನಲ್ಲಿ ಹೆಚ್ಚಿ ಮತ್ತೊಂದರಲ್ಲಿ ತಗ್ಗಿದರೆ, ಬೇರಿಂಗು ಸವೆದಿರಬಹುದೆಂದು ನಾವು ಎಚ್ಚರಗೊಳ್ಳಬೇಕು. 1898ರಲ್ಲಿ, ಗಾಡಿ ಕಟ್ಟುವವರಾದ ಹೆನ್ರಿ ಟಿಮ್ಕೆನ್ನರು ಪೇಟೆಂಟು ಪಡೆದ, ಒಂದು ತುದಿ ಕಿರಿದಾದ ಉರುಳೆಗಳ ಬೇರಿಂಗು ಮೇಲಿನ ಭಾರವನ್ನೂ ಪಕ್ಕದ ಒತ್ತಡವನ್ನೂ ತಾಳಬಲ್ಲುದು. ಆದರೆ ಗ್ರೀಸು ಬತ್ತಿದರೆ, ಸೀಲು ಹರಿದು ನೀರು ಹೊಕ್ಕರೆ, ಅದಕ್ಕೂ ಆಯುಸ್ಸಿಲ್ಲ.

ಸದ್ದು ಗರಗರನೆ ಮಾರ್ಪಟ್ಟು ಗಾಲಿ ಅಲುಗಿದೊಡನೆ, ವೇಗವನ್ನು ಮೆಲ್ಲನೆ ಇಳಿಸಿ ರಸ್ತೆಯಂಚಿಗೆ ಸರಿದು ನಿಲ್ಲತಕ್ಕುದು. ಕಾದ ಹಬ್ಬನ್ನು ಮುಟ್ಟಲೂ ಬಾರದು, ಅದಕ್ಕೆ ನೀರೆರಚಲೂ ಬಾರದು. ತಣಿದ ಬಳಿಕ ಉಳಿದ ಗಾಲಿಗಳಿಗೆ ಕಲ್ಲೊಡ್ಡಿ, ಜಾಕಿಯಿಂದೆತ್ತಿ, ಗಾಲಿಯ ಮೇಲಂಚು ಕೆಳಂಚುಗಳನ್ನು ಹಿಡಿದು ಅಲುಗಿಸಿ ನೋಡೋಣ. ಸಡಿಲವಿದ್ದರೆ ಓಡಿಸುವ ಮಾತೇ ಬೇಡ, ಗಾಲಿಯೇ ಕಳಚೀತು. ಲಾರಿಯ ಮೇಲೇರಿಸಿ ಒಯ್ಯುವುದೇ ಕ್ಷೇಮ. ಸರಕು ತಡವಾದರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದು. ಎದುರು ಬರುವವರ ಪ್ರಾಣವನ್ನು ನಾವು ತುಂಬಿಕೊಡಲಾರೆವು.